ಕೊಸರು

ಹದಿನೇಳು ದಿನದಿಂದ ಲಾಗೋಸಿನ ಬಂದರಿನಲ್ಲಿ ಕೂತಿದೆಯಂತೆ
ನಮ್ಮ ಬಣ್ಣದ ಸೀಸೆ.
ಕಾನೋದ ಈ ಲ್ಯಾಬಿನಲ್ಲಿ
ಮೇಣದ ಅಚ್ಚುಗಳು ಸಾಲಾಗಿ ಕಾಯುತ್ತಿವೆ,
ಒಂದೊಂದರ ಹೊಟ್ಟೆಯಲ್ಲೂ ಯಾರದೋ ಮೈಯ ಚೂರು.
ಹೆಸರಿಲ್ಲ, ಅಂಕಿ ಮಾತ್ರ.
ತೆಳ್ಳಗೆ ಕೊಯ್ದು ಗಾಜಿಗೆ ಹತ್ತಿಸಿದರೆ ಏನೂ ಕಾಣದು,
ಉಸಿರು ತಾಕಿದ ಕನ್ನಡಕದ ಹಾಗೆ.

ತಲಾತುವಿನ ಅಂಗಡಿಗೆ ಹೋದೆ.
ಗೋಣಿ ತುಂಬ ಒಣಗಿದ ಕೆಂಪು ಪುಂಡಿಹೂವು,
ನಮ್ಮ ಬಾಯಲ್ಲಿ ಅದು ಝೋಬೋ.
"ಐದು ಅಳತೆಯಾ! ಯಾರ ಮದುವೆಯೇ?"
ಮದುವೆಯಲ್ಲ, ಆಸ್ಪತ್ರೆಗೆ ಅಂದೆ.
"ರೋಗಿಗಳಿಗೆ ಶರಬತ್ತು! ಪುಣ್ಯ ಬರಲಿ" ಅಂದು
ಒಂದು ಹಿಡಿ ಕೊಸರು ಹಾಕಿದಳು.
ನಾನು ತಿದ್ದಲಿಲ್ಲ.

ಮೊದಲು ಮೇಕೆಯ ಈಲಿ, ಕಸಾಯಿ ಪುಕ್ಕಟೆ ಕೊಟ್ಟದ್ದು.
ಹಚ್ಚಿದ್ದೆಲ್ಲ ನಲ್ಲಿನೀರಿಗೆ ಕೊಚ್ಚಿಹೋಯಿತು.
ಎರಡನೆಯ ಸಲ ಗಾಜೆಲ್ಲ ಗುಲಾಬಿ,
ಬದುವಿಲ್ಲದ ಹೊಲ.
ಡಾಕ್ಟರ್ ಗರ್ಬ ಇಣುಕಿದರು,
"ಲಾದೀದಿ, ಕುಡಿಯಲಾದರೂ ಇಟ್ಟುಕೊಳ್ಳಬಾರದಿತ್ತೇ?"

ಅಪ್ಪನಿಗೆ ಮೊಣಕೈವರೆಗೆ ನೀಲಿ.
ಕೋಫರ್ ಮಾತಾದ ಬಣ್ಣದ ಗುಂಡಿಗಳ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು
ನಲವತ್ತು ವರ್ಷ ಬಟ್ಟೆ ಅದ್ದಿದವನು.
ಹಚ್ಚುವುದು ಯಾರಿಗೂ ಬರುತ್ತೆ, ಅನ್ನುತ್ತಿದ್ದ,
ಒಪ್ಪಿಸುವುದು ಕಷ್ಟ.
ಸತ್ತಾಗ ಮೈ ತೊಳೆದವರು ಬಂದು ಹೇಳಿದರು,
ಉಗುರಿನದು ಹೋಗಲಿಲ್ಲ.

ಪಟಿಕ ಹಾಕಿದೆ.
ತುಕ್ಕುಮೊಳೆ ನೆನೆಸಿದ ವಿನಿಗರ್ ಹಾಕಿದೆ.
ಕೆಂಪು ಮುಖ ಸಣ್ಣ ಮಾಡಿಕೊಂಡು
ಕಪ್ಪುನೇರಳೆಗೆ ತಿರುಗಿತು.
ಕಾಲು ಗಂಟೆ. ಬೇಡ, ಅರ್ಧ.
ಕಣ್ಣಿಟ್ಟೆ.
ಒಂದೊಂದು ಕೋಶದ ನಡುವೆ ಒಂದೊಂದು ಕಾಳು,
ಯಾರೋ ಅಂಗಳದಲ್ಲಿ ಸಜ್ಜೆ ಚೆಲ್ಲಿ
ಗುಡಿಸಲು ಮರೆತ ಹಾಗೆ.

ಹಡಗಿನ ಸೀಸೆಯಷ್ಟು ಚೂಪಿಲ್ಲ, ಅಂಚು ತುಸು ಮಸುಕು,
ಸುಳ್ಳೇಕೆ ಹೇಳಲಿ.
ಆದರೆ ಸಾಲು ತಪ್ಪಿದ ಕಾಳು ಗುರುತು ಸಿಗುತ್ತದೆ.
೪೧೧೬ರಲ್ಲಿ ತಪ್ಪಿದ್ದವು.
ಗರ್ಬ ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ,
ಆಮೇಲೆ ತಮಾಷೆಯನ್ನೂ ಮಾಡಲಿಲ್ಲ.

ಕೊಸರಿನ ಹೂವಿಗೆ ಶುಂಠಿ ಲವಂಗ ಹಾಕಿ
ರಾತ್ರಿ ಮನೆಯಲ್ಲಿ ಕುದಿಸಿದೆ,
ಪಾತ್ರೆ ಬೇರೆ, ಚಮಚ ಬೇರೆ.
ಮೈರೋ ಎರಡು ಲೋಟ ಕುಡಿದು
ನಾಲಗೆ ಚಾಚಿ ಹೆದರಿಸಿದಳು, ಕಡುಗೆಂಪು.

ಬೆಳಿಗ್ಗೆ, ಚಾಚು ಅಂದೆ.
ಇನ್ನೊಮ್ಮೆ. ಬೆಳಕಿಗೆ ಬಾ.
ಒಂದು ತೊಟ್ಟೂ ನಿಂತಿರಲಿಲ್ಲ.
ಗಲ್ಲ ಹಿಡಿದುಕೊಂಡೇ ಇದ್ದೆ,
ಬಿಡಮ್ಮ, ಶಾಲೆಗೆ ಹೊತ್ತಾಯಿತು ಅಂದಳು.