ಗುಂಡಿ

ದುಬೈಯ ಚೀನಾ ಮಾರ್ಕೆಟ್ಟಿನಲ್ಲಿ
ನಮ್ಮದು ಗುಂಡಿಯ ಅಂಗಡಿ:
ಅಬಾಯದ್ದು, ಕೋಟಿನದ್ದು, ಶಾಲೆಯ ಅಂಗಿಯದ್ದು.
ಬಿಡಿಯಾದರೆ ಡಜನಿಗೆ ಮೂರು ದಿರ್ಹಮ್, ಸಗಟಾದರೆ ಒಂದು.

ಪ್ರೊಫೆಸರ್ ವಿಲ್ಮಾ ಟೆರ್‌ಹಾರ್ಸ್ಟ್ ಬೆಲೆ ಕೇಳಲಿಲ್ಲ.
ಡಬ್ಬದ ತಳ ತಿರುಗಿಸಿ ಊರಿನ ಹೆಸರು ಓದಿದರು,
ಕನ್ನಡಕ ತೆಗೆದು ಇನ್ನೊಮ್ಮೆ.

ನಲವತ್ತು ವರ್ಷದ ಹಿಂದೆ ಆ ಊರಿನಲ್ಲಿ
ಬಾತುಕೋಳಿ ಎಣಿಸಿದ್ದರಂತೆ,
ಕಮ್ಯೂನಿನವು ಎಷ್ಟು, ಮನೆಮನೆಯವು ಎಷ್ಟು.
ಆ ಲೆಕ್ಕಕ್ಕೆ ಡಾಕ್ಟರೇಟು, ಆಮೇಲೆ ಡಚ್ಚರ ನಾಡಿನಲ್ಲಿ ಪೀಠ,
ಪೀಠವನ್ನೇ ಮುಚ್ಚಿದ ಮೇಲೆ
ಶಾರ್ಜಾದಲ್ಲಿ ಎರಡು ವರ್ಷದ ಕಾಂಟ್ರಾಕ್ಟು.

ಧಣಿ ಶಾವ್‌ಗೆ ಅಲ್ಲಿಯ ಮಾತಿನಲ್ಲೇ ಏನೋ ಕೇಳಿದರು.
ಕ್ಯಾಲ್ಕುಲೇಟರಿನ ಮೇಲೆ ಅವನ ಬೆರಳು ನಿಂತಿತು.
ನನಗೆ ಹರಕು ಹಿಂದಿಯಲ್ಲಿ ಅಂದ:
ತೀರಿಹೋದ ನನ್ನಜ್ಜಿ ಹೀಗೆ ಮಾತಾಡುತ್ತಿದ್ದಳು.
ಈಗ ಅಲ್ಲಿ ಯಾರಿಗೂ ಬರೋದಿಲ್ಲ.

ಬಾತು ಈಜುತ್ತಿದ್ದ ಗುಂಡಿ ಮುಚ್ಚಿ
ಗುಂಡಿಯ ಫ್ಯಾಕ್ಟರಿ ಕಟ್ಟಿದ್ದಾರೆ ಎಂದಾಗ
ಭಟ್ಕಳದ ನನಗೆ ನಗು ತಡೆಯಲಾಗಲಿಲ್ಲ.
ಕನ್ನಡದಲ್ಲಿ ಎರಡಕ್ಕೂ ಒಂದೇ ಪದ, ಮೇಡಮ್.
ಅವರು ನಗಲಿಲ್ಲ. ಕಾಗುಣಿತ ಕೇಳಿ ಬರೆದುಕೊಂಡರು,
ಅಡಿಯಲ್ಲಿ ತಾರೀಖು, ಹೇಳಿದವನ ಹೆಸರು: ಝುಬೈರ್ ದಾಮುದಿ.

ಹೊರಡುವಾಗ ಒಂದು ಡಜನ್ ಕೊಂಡರು.
ಕೋಟಿನಿಂದ ಬಿದ್ದದ್ದು ಒಂದೇ.
ಶಾವ್ ಸಗಟು ದರವನ್ನೇ ಹಾಕಿದ,
ಬಾಗಿಲವರೆಗೂ ಹೋದ.