ಬೆನ್ನ ಹಿಂದಿನ ಫೈನಲ್

ಆಟಕ್ಕೆ ಬೆನ್ನು ಕೊಟ್ಟು ನಿಲ್ಲೋದು, ಅಷ್ಟೇ ಕೆಲಸ
ಅಂದಿದ್ದ ಸೂಪರ್‌ವೈಸರ್ ಫೆಲಿಕ್ಸ್.
ಎಂಟುನೂರು ರೂಪಾಯಿ, ಒಂದು ಪಲಾವ್ ಪೊಟ್ಟಣ,
ಮರಳಿಸಬೇಕಾದ ಹಳದಿ ಜಾಕೆಟ್ಟು.
ತಿರುಗಿದ್ದು ಕ್ಯಾಮೆರಾದಲ್ಲಿ ಕಂಡರೆ ಇನ್ನೂರು ಕಟ್.

ಹಗ್ಗದ ಈಚೆ, ಜಾಹೀರಾತಿನ ಹಲಗೆಯ ಈಚೆ ನಿಂತೆ.
ಎದುರಿಗೆ ಮೆಟ್ಟಿಲು ಮೆಟ್ಟಿಲಾಗಿ ಮುಖಗಳು,
ಅವುಗಳ ಮೇಲೆ ದೀಪದ ಕಂಬ,
ಕಂಬದ ಸುತ್ತ ಕಬ್ಬನ್ ಪಾರ್ಕಿನ ನಿದ್ದೆಗೆಟ್ಟ ಹದ್ದುಗಳು.
ಫೈನಲ್ ನಾನು ನೋಡಿದ್ದು ಅಲ್ಲಿ.

ಮೊದಮೊದಲು ಏನೂ ತಿಳಿಯಲಿಲ್ಲ.
ಆಮೇಲೆ ಓದು ಬಂತು.
ಗದ್ದಗಳೆಲ್ಲ ಒಟ್ಟಿಗೆ ಮೇಲೆದ್ದರೆ ಚೆಂಡು ಆಕಾಶದಲ್ಲಿದೆ;
ಇಳಿಯುವಾಗ ಬಾಯಿ ತೆರೆದಿದ್ದರೆ ಕ್ಯಾಚು,
ಹಲ್ಲು ಕಚ್ಚಿದ್ದರೆ ಸಿಕ್ಸರ್ ಹೋಯಿತು, ಎದುರಾಳಿಯದ್ದು.
ಕಣ್ಣುಗಳು ಬಲದಿಂದ ಎಡಕ್ಕೆ ಜಾರಿ
ನನ್ನ ಹಿಮ್ಮಡಿಯ ಹತ್ತಿರ ಬಂದು ನಿಂತರೆ ನಾಲ್ಕು.

"ಹುಡುಗೀರ ಮ್ಯಾಚು, ಪಾಸ್ ಸಿಕ್ತು ಅಂತ ಬಂದೆ"
ಎಂದು ಫೋನಿನಲ್ಲಿ ನಗುತ್ತಿದ್ದ ಎರಡನೇ ಸಾಲಿನವನು
ಹದಿನೈದನೇ ಓವರಿಗೆ ಉಗುರು ಮುಗಿಸಿ
ಬೆರಳಿನ ಚರ್ಮಕ್ಕೆ ಬಂದಿದ್ದ.
ಅವನ ಹಿಂದೆ ಬಿಳಿಯ ಜಡೆಯ ಒಬ್ಬರು,
ತೊಡೆಯ ಮೇಲೆ ಉದ್ದದ ಲೆಕ್ಕದ ಪುಸ್ತಕ;
ಪ್ರತಿ ಬಾಲಿಗೂ ತಲೆ ತಗ್ಗಿಸಿ ಒಂದು ಚುಕ್ಕಿ,
ಸಾಸಿವೆ ಆರಿಸುವವರ ಹಾಗೆ.
ಅವರು ಒಮ್ಮೆಯೂ ಕೂಗಲಿಲ್ಲ.

ಹನ್ನೆರಡು ಬಾಲಿಗೆ ಹತ್ತೊಂಬತ್ತು, ಅಂತು ಮೈಕು.
ಟಾರ್ಗೆಟ್ ಅಂದರೇನೆಂದು
ನನಗೆ ಯಾರೂ ಹೇಳಿಕೊಡಬೇಕಿಲ್ಲ.
ಪೀಣ್ಯದಲ್ಲಿ ಗಂಟೆಗೆ ತೊಂಬತ್ತು ಕಾಲರ್ ಹೊಲಿಯುವವಳು ನಾನು.
ಮಧ್ಯಾಹ್ನ ಮೂರಕ್ಕೆ ಹದಿನೆಂಟು ಪೀಸು ಹಿಂದೆ ಬಿದ್ದವಳ ಕುತ್ತಿಗೆ
ಹೇಗೆ ಬಿಗಿಯುತ್ತದೆಂದು ಗೊತ್ತು.
ಹಾಗಾಗಿ ಬೆನ್ನ ಹಿಂದೆ ಇದ್ದವಳು,
ಬ್ಯಾಟು ಹಿಡಿದವಳೋ ಬಾಲು ಹಿಡಿದವಳೋ,
ಇಬ್ಬರ ಕುತ್ತಿಗೆಯೂ ನನ್ನಲ್ಲೇ ಬಿಗಿಯಿತು.

ಆಗ ಧಡ್ ಎಂದು ಹಲಗೆ ಬಂದು ಮೀನಖಂಡಕ್ಕೆ ಬಡಿಯಿತು.
ಏನೋ ಉರುಳಿ ನನ್ನ ಬೂಟಿಗೆ ತಾಗಿ ನಿಂತಿತು.
"ಸಾರಿ ಅಕ್ಕ. ಬಾಲು."

ಬಗ್ಗಿದೆ. ಎತ್ತಿಕೊಂಡೆ.
ಇಷ್ಟು ಭಾರ ಇರುತ್ತದೆಂದು ಯಾರೂ ಹೇಳಿರಲಿಲ್ಲ.
ಬಿಳಿ ತೊಗಲು, ಒಂದು ಕಡೆ ಹುಲ್ಲಿನ ಹಸಿರು,
ನಡುವೆ ಆರು ಸಾಲು ಹೊಲಿಗೆ.
ಇಂಚಿಗೆ ಎಷ್ಟು ಎಂದು
ಹೆಬ್ಬೆರಳು ತಾನಾಗಿ ಎಣಿಸತೊಡಗಿತು.
ಒಳ್ಳೆಯ ಕೈ. ಯಾವ ಊರಿನವರದೋ.

ತಿರುಗಿದೆ. ತಿರುಗದೆ ಹೇಗೆ ಕೊಡಲಿ?
ಹಲಗೆಗೆ ಒರಗಿ ಏದುಸಿರು ಬಿಡುವ ನೇರಳೆ ಅಂಗಿ,
ಮೊಣಕೈಯಲ್ಲಿ ಹಸಿ ರಕ್ತ, ಅದಕ್ಕಂಟಿದ ಮಣ್ಣು.
ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವಳು.
ಕಂಕುಳ ಬಳಿ ಒಂದು ಎಳೆ ಬಿಟ್ಟಿತ್ತು;
ನಮ್ಮ ಲೈನಿನಲ್ಲಾದರೆ ಆ ಪೀಸು ವಾಪಸು.
ಅದನ್ನು ಹೇಳಬೇಕೆನಿಸಿತು, ಹೇಳಲಿಲ್ಲ.
ಅವಳು ಹೋದಳು. ಹನ್ನೊಂದಕ್ಕೆ ಹದಿನೈದು.

ಕಡೆಯ ಬಾಲಿಗೆ ಎರಡು ಬೇಕಿತ್ತು.
ಮುಖಗಳು ಉಸಿರು ಹಿಡಿದವು.
ಗದ್ದ ಮೇಲೇಳಲಿಲ್ಲ, ಕಣ್ಣು ನಡುವಿನಲ್ಲೇ ಅತ್ತಿತ್ತ ಓಡಿ,
ಮತ್ತೆ ಓಡಿ, ನಿಂತು,
ಆಮೇಲೆ ಎಲ್ಲರೂ ಅತ್ತರು.
ಉಗುರು ತಿಂದವನು ಪಕ್ಕದ ಅಪರಿಚಿತನ ಹೆಗಲ ಮೇಲೆ ಅತ್ತ.
ಗೆದ್ದವರೂ ಹಾಗೇ ಅಳುತ್ತಾರೆ
ಎಂಬ ಪಾಠ ನನಗಿನ್ನೂ ಬಂದಿರಲಿಲ್ಲ.
ಬಿಳಿ ಜಡೆಯವರನ್ನು ನೋಡಿದೆ:
ಪೆನ್ಸಿಲ್ ಮುಡಿಗೆ ಸಿಕ್ಕಿಸಿ
ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟಿದ್ದರು.

ಬೇಲಿಯತ್ತ ಹುಡುಗರು ನುಗ್ಗಿದರು. ಕೈ ಚಾಚಿ ನಿಂತೆ.
ಬಣ್ಣದ ಕಾಗದದ ಚೂರು
ಹಿಂದಿನಿಂದ ಬಂದು ಹೆಗಲ ಮೇಲೆ ಕೂತವು,
ನೇರಳೆಯೂ ಇತ್ತು, ಕಿತ್ತಳೆಯೂ ಇತ್ತು.

ಫೆಲಿಕ್ಸ್ ಆರುನೂರು ಎಣಿಸಿದ.

ಕಾರ್ಪೊರೇಷನ್ನಿನಿಂದ ಲಗ್ಗೆರೆಯ ಕಡೆಯ ಬಸ್ಸು.
ಹೆಂಗಸರ ಉಚಿತ ಟಿಕೆಟ್ಟು ಹರಿಯುತ್ತಾ
ಕಂಡಕ್ಟರ್ ಸಾಕಮ್ಮ ಕೇಳಿದಳು:
ಸ್ಟೇಡಿಯಮ್ಮಿಂದಾನಾ? ಹೆಂಗಿತ್ತು?

ಭಾರ ಇತ್ತು, ಅಂದೆ.