ಅರಗು

ಅಪ್ಪ ನಿಂತೇ ಓದುತ್ತಿದ್ದ, ಓಡುವ ಮೇಲ್ ಗಾಡಿಯಲ್ಲಿ.
ಅರಸೀಕೆರೆ ಬಿಟ್ಟು ಬಾಣಾವರ ಬರುವುದರೊಳಗೆ
ನೂರು ವಿಳಾಸ, ಕಡೂರಿಗೆ ಇನ್ನೂರು.
ವಿಳಾಸ ಅಷ್ಟೇ. ಒಳಗಿನದ್ದು ಒಂದಕ್ಷರವೂ ಅಲ್ಲ.
"ಒಯ್ಯೋ ಕೈ ಬೇರೆ, ಒಡೆಯೋ ಕೈ ಬೇರೆ" ಅನ್ನುತ್ತಿದ್ದ,
ಚೀಲದ ಕುತ್ತಿಗೆಗೆ ಸುತಲಿ ಬಿಗಿದು
ಕೆಂಪು ಅರಗು ಕರಗಿಸಿ ಮುದ್ರೆ ಒತ್ತುವ ಕೆಲಸದವನು.
ಅಂಗಿಯ ತೋಳಲ್ಲಿ ಮನೆಗೆ ಬರುತ್ತಿತ್ತು ಆ ವಾಸನೆ.

ಇದನ್ನೆಲ್ಲ ಹಾಸನದ ಡಾಕ್ಟರಿಗೆ ಹೇಳಲು ಹೋದವಳಲ್ಲ ನಾನು.
ಹೋದದ್ದು ಜಯದೇವನ ರಿಪೋರ್ಟಿಗೆ.
ಒಂಬತ್ತು ವರ್ಷ. ಮುಖ ನೋಡಿ ಮಾತಾಡುವುದಿಲ್ಲ,
ಕುಕ್ಕರ್ ಕೂಗಿದರೆ ಮಂಚದಡಿ ಸೇರುತ್ತಾನೆ,
ಕೇಳಿದ್ದನ್ನೇ ಕೇಳುತ್ತಾನೆ: ಗಾಡಿ ಬಂತಾ? ಗಾಡಿ ಬಂತಾ?

ಡಾಕ್ಟರ್ ನಫೀಸಾ ಔಷಧಿ ಚೀಟಿಯ ಬೆನ್ನಿಗೆ ಒಂದು ಮರ ಬರೆದರು.
ನರಕೋಶ, ಅಂದರು. ನನಗದು ಜಂಕ್ಷನ್ನಿನ ನಕ್ಷೆ.
ನಡುವೆ ಕಚೇರಿ; ಮೂಲಪತ್ರ ಅಲ್ಲಿಂದ ಕದಲುವುದಿಲ್ಲ.
ನಕಲು ಹೊರಡುತ್ತದೆ, ಆರ್‌ಎನ್‌ಎ,
ಕೊನೆಯ ಕೊಂಬೆಯ ಕೊನೆಯ ಮೊಗ್ಗಿಗೆ,
ಒಂದು ಕೋಶ ಇನ್ನೊಂದಕ್ಕೆ ಪಿಸುಗುಡುವ ಸಂದಿಗೆ.
ಸಿನಾಪ್ಸ್ ಅಂತೆ ಆ ಸಂದು.
ನಕಲು ಒಂಟಿಯಾಗಿ ಹೋಗುವುದಿಲ್ಲ.
ಒಂದು ಪ್ರೋಟೀನು ಅದನ್ನು ಅಪ್ಪಿ ಹಿಡಿದು
ಹಳಿಯುದ್ದ ಜೊತೆಗಿರುತ್ತದೆ, ದಾರಿಯಲ್ಲಿ ಓದಗೊಡುವುದಿಲ್ಲ.
ಆ ತುದಿಯಲ್ಲಿ ಯಾರೋ ಕದ ತಟ್ಟಿದಾಗ ಮಾತ್ರ
ಹಿಡಿತ ಸಡಿಲ; ಕಾಗದ ಅಲ್ಲೇ ಬಿಚ್ಚಿ, ಅಲ್ಲೇ ಒಲೆ ಹೂಡಿ
ಬೇಕಾದಷ್ಟೇ ಬೇಯಿಸುವುದು.

"ಅರಗು" ಅಂದೆ ನಾನು.
ಅವರು ತಲೆಯೆತ್ತಿ ನೋಡಿ, ಮತ್ತೆ ಗೆರೆ ಎಳೆದರು.

ಜಯದೇವನಲ್ಲಿ ಆ ಪ್ರೋಟೀನೇ ಇಲ್ಲ.
ಅದನ್ನು ಕಟ್ಟುವ ಬರಹದ ಮೊದಲಲ್ಲೇ
ಮೂರಕ್ಷರ ತೊದಲಿ, ತೊದಲಿ, ಇನ್ನೂರು ದಾಟಿ
ಪುಟವೇ ಮುಚ್ಚಿಹೋಗಿದೆ.
ಮುದ್ರೆಯಿಲ್ಲದ ಚೀಲಗಳು. ಕರೆಯದೆ ಬಿಚ್ಚಿಕೊಳ್ಳುವ ಪತ್ರಗಳು,
ಎಲ್ಲ ಒಟ್ಟಿಗೆ ಮಾತು.
ಮೊಗ್ಗುಗಳು ಲೆಕ್ಕಕ್ಕಿಂತ ಹೆಚ್ಚು, ಉದ್ದ, ತೆಳ್ಳಗೆ,
ಬಲಿಯುವುದಿಲ್ಲ.
ಒಂದು ಸಿಳ್ಳೆ ಅವನೊಳಗೆ ಎಷ್ಟು ಕಾಗದ ಒಡೆಯುತ್ತದೋ.

"ನಿಮ್ಮ ಕಡೆಯಿಂದ ಬಂದಿದೆ" ಅಂದರು ಮೆಲ್ಲಗೆ,
"ನಿಮಗೆ ಬಹುಶಃ ತಂದೆಯಿಂದ.
ಅವರಿಗೆ ಕೈ ನಡುಕ ಇತ್ತೇ? ನಡೆಯುವಾಗ ವಾಲುತ್ತಿದ್ದರೇ?"

ಷಡಕ್ಷರಪ್ಪ. ಆರಕ್ಷರದ ಮಂತ್ರ ಹೆಸರಲ್ಲಿಟ್ಟುಕೊಂಡವನು.
ಐವತ್ತೈದಕ್ಕೆ ಮುದ್ರೆ ಅಲುಗಿತು, ಅರಗು ಬೆರಳ ಮೇಲೆ ಬಿತ್ತು.
ಬೀರೂರಿನ ಚೀಲ ಕಡೂರಲ್ಲಿ ಇಳಿಯಿತು.
ಪ್ಲಾಟ್‌ಫಾರಂ ಮೇಲೆ, ಕೂಲಿಗಳೆದುರು,
ಇನ್ಸ್‌ಪೆಕ್ಟರು ಅವನ ಬಾಯಿ ಮೂಸಿದ.
ಅವ್ವ ಲೋಟ ಮೂಸಿದಳು.
ನಾನು, ಹದಿನೇಳರವಳು, ಮದುವೆ ಛತ್ರದಲ್ಲಿ
ಸಾರು ಚೆಲ್ಲಿಕೊಂಡ ಅವನನ್ನು ಬಿಟ್ಟೆದ್ದು
ಬೇರೆ ಪಂಕ್ತಿಯಲ್ಲಿ ಕೂತೆ.
ಜನ್ಮದಲ್ಲಿ ಹನಿ ಹೆಂಡ ಮುಟ್ಟಿದವನಲ್ಲ.

ಅವನದು ಬೇರೆ ಬಗೆ, ಅಂದರು ಡಾಕ್ಟರ್.
ತೊದಲು ಕಡಿಮೆ, ಹಾಗಾಗಿ ಪುಟ ಮುಚ್ಚಲಿಲ್ಲ;
ನಕಲುಗಳು ಮಾತ್ರ ಮಿತಿಮೀರಿ ಹುಟ್ಟಿದವು.
ಆ ತೊದಲಿಗೆ ಒಯ್ಯುವವರೇ ಅಂಟಿಕೊಂಡು
ಕಚೇರಿ ಬಿಟ್ಟು ಹೊರಡದಾದರು.

ಹಾಗಾದರೆ ಒಂದೇ ಸಾಲು.
ಅಪ್ಪನಲ್ಲಿ ಗದ್ದಲ, ಮಗನಲ್ಲಿ ಮೌನ,
ನಡುವೆ ನಾನು, ಒಡೆಯದೆ ಒಯ್ದವಳು.

ಸಂಜೆಯ ಪ್ಯಾಸೆಂಜರಿನಲ್ಲಿ ಊರಿಗೆ ಬಂದು
ಅಪ್ಪನ ಟ್ರಂಕು ತೆಗೆದೆ. ಮುದ್ರೆ ಇರಲಿಲ್ಲ,
ಇಲಾಖೆಗೆ ಒಪ್ಪಿಸಿದ್ದ; ರಸೀದಿ ಇತ್ತು,
ಅದರ ಮೇಲೆ ಇರುವೆ ಸಾಲಿನಂಥ ಅವನ ಸಹಿ.
ಮತ್ತೆ ಎರಡು ಬೆರಳುದ್ದದ ಅರಗಿನ ಕಡ್ಡಿ.
ಜಯದೇವ ಅದನ್ನು ಕಸಿದು ಕಚ್ಚಿದ, ಉಗಿದ.
ಕೆಂಪು ನಾಲಿಗೆ.
"ಗಾಡಿ ಬಂತಾ?"

ಎಷ್ಟನೆಯ ಸಲವೋ.
ಬಾಣಾವರ ಬಿಟ್ಟಿದೆ, ಅಂದೆ.